ಕೈ ಕೆಡಿಸುವ ಎಲೆಗೆ ಬೆಲೆ ಎಷ್ಟು?

ಬೇಸಿಗೆ ರಜೆ ಬಂತೆಂದರೆ ಒಂದು ಕಾಲಕ್ಕೆ ಗೋಲಿ, ಬುಗುರಿ, ಚಿನ್ನಿದಾಂಡು ಹೊರಬೀಳುತ್ತಿದ್ದವು. ಈಗ ಹುಡುಗರ ಜೇಬಿನಿಂದ ಹೊರಬೀಳುವುದು ರಬ್ಬರ್ ಬ್ಯಾಂಡ್ ಸುತ್ತಿದ ಪೋಕೆಮಾನ್ ಕಾರ್ಡುಗಳ ಕಟ್ಟು. ಇದು ಬೆಂಗಳೂರು, ಮೈಸೂರಿನ ಮಕ್ಕಳಿಗಷ್ಟೇ ಅಂಟಿದ ಗೀಳಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಓಣಿಗಳಿಗೂ ಬಂದಿದೆ. ಜಗಲಿಯ ಮೇಲೆ ಕೂತು ಒಬ್ಬ, ‘ನಿಂದು ಕೊಡು, ನಂದು ಎರಡು ತಗೋ’ ಎಂದು ವ್ಯಾಪಾರಕ್ಕಿಳಿದರೆ, ಒಳಗಿನಿಂದ ಅಮ್ಮನ ದನಿ: ‘ಓದೋದು ಬಿಟ್ಟು ಇಸ್ಪೀಟು ಕಲೀತಿದ್ದಾನೆ, ನೋಡಿ!’

ಅಮ್ಮನ ಆತಂಕ ಸುಳ್ಳಲ್ಲ. ಎಲೆ ಹಿಡಿದು ಹೊಲ ಮಾರಿದವರ ಕತೆ ಮಂಡ್ಯ ಸೀಮೆಗೆ ಹೊಸದಲ್ಲ. ಆದರೆ ಈ ಜಗಲಿ ವ್ಯಾಪಾರದಲ್ಲಿ ಮಕ್ಕಳು ಮೋಸ ಹೋಗುವ ಬಗೆಯೇ ಬೇರೆ. ಮಿಂಚುವ ಕಾರ್ಡಿಗೆ, ದೊಡ್ಡ ಅಂಕಿ ಅಚ್ಚಾದ ಕಾರ್ಡಿಗೆ ಅವರು ಬೆಲೆ ಕಟ್ಟುತ್ತಾರೆ. ಮನುಷ್ಯನ ಚಿತ್ರವಿರುವ ಸಪ್ಪೆ ಕಾರ್ಡನ್ನು ‘ಸುಮ್ನೆ ತಗೋ’ ಎಂದು ಕೊಟ್ಟುಬಿಡುತ್ತಾರೆ. ಎದುರಾಳಿಯ ಕೈಯನ್ನೇ ಕೆಡಿಸುವ ಶಕ್ತಿ ಹಲವು ಸಲ ಇರುವುದು ಆ ಸಪ್ಪೆ ಕಾರ್ಡಿನಲ್ಲಿ!

ಎಲೆಯ ಬಲ ಅದರ ಮೇಲೆ ಅಚ್ಚಾದ ಅಂಕಿಯಲ್ಲಿ ಇಲ್ಲ ಎಂಬುದು ಈ ಸೀಮೆಗೆ ಹೊಸ ಪಾಠವೇನಲ್ಲ. ಗಂಜೀಫಾ ಆಡುತ್ತಿದ್ದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಬರನು 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, ಒಂದೊಂದಕ್ಕೂ ಹನ್ನೆರಡು, ಒಟ್ಟು 96 ದುಂಡನೆಯ ಎಲೆ. ನಮ್ಮವರ ದಶಾವತಾರ ಕಟ್ಟಿನಲ್ಲಿ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣದಲ್ಲೂ ರಾಜ, ಮಂತ್ರಿ, ಆಮೇಲೆ ಹತ್ತು ಅಂಕಿಗಳು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೀಳು! ಸಾಲದ್ದಕ್ಕೆ, ಹಗಲು ಆಡಿದರೆ ರಾಮನ ಎಲೆಯಿಂದ ಆರಂಭ, ರಾತ್ರಿಯಾದರೆ ಕೃಷ್ಣನದು. ಹೊತ್ತು ಮುಳುಗಿದರೆ ಎಲೆಯ ಮರ್ಯಾದೆಯೇ ಬದಲು.

ಗಂಜೀಫಾದಲ್ಲಿ ತುರುಫಿಲ್ಲ. ಆದ್ದರಿಂದ ಒಂದು ಬಣ್ಣದ ರಾಜ, ಮಂತ್ರಿ ಇಬ್ಬರೂ ಆಡಿ ಮುಗಿದರೆ ಅವರ ಕೆಳಗಿದ್ದ ಅಂಕಿ ತಾನೇ ತಾನಾಗಿ ಅಜೇಯ. ಯಾವುದು ಹೋಯಿತು, ಯಾವುದು ಉಳಿಯಿತು ಎಂದು ನೆನಪಿಟ್ಟವನಿಗೆ ಮಾತ್ರ ತನ್ನ ಕೈಯಲ್ಲಿರುವ ಎಲೆ ಏನೆಂದು ಗೊತ್ತು.

ಈ ಆಟವನ್ನು ಇನ್ನಷ್ಟು ತೊಡಕಾಗಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿ, 1799ರಲ್ಲಿ ಹಸುಳೆಯಾಗಿಯೇ ಪಟ್ಟವೇರಿದವರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣನಿಗೆ ಮುಡಿಸುವ ಕೃಷ್ಣರಾಜಮುಡಿ ಇವರ ಹೆಸರಿನದೇ. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ರಚಿಸಿದ ಈ ಅರಸರು, ಗಂಜೀಫಾದಿಂದ ‘ಛದ’ ಎಂಬ ಹೊಸ ಆಟಗಳನ್ನೇ ಕಟ್ಟಿದರು. ಅವುಗಳ ವಿವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿದೆ. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಹನ್ನೆರಡು ಅಂಕಿಯೆಲೆ, ಆರು ಮುಖದೆಲೆ. ದೊಡ್ಡ ಕಟ್ಟಿನಲ್ಲಿ 360 ಎಲೆಗಳವರೆಗೆ! ಜೊತೆಗೆ ಹಳೆಯ ಗಂಜೀಫಾದಲ್ಲಿ ಇಲ್ಲದ ಎರಡು ಸಂಗತಿಗಳು ಬಂದವು: ಎಂದಿಗೂ ಬದಲಾಗದ ತುರುಫು, ಮತ್ತು ಯಾವ ಎಲೆಯ ಜಾಗದಲ್ಲಾದರೂ ನಿಲ್ಲಬಲ್ಲ ಎಲೆ. ಎಣಿಸಿ ಎಣಿಸಿ ಕೂಡಿಟ್ಟ ಲೆಕ್ಕವನ್ನು ಒಂದೇ ಏಟಿಗೆ ಕೆಡಿಸುವ ಎಲೆಗಳಿವು. ಛದದ ಆಟಗಳು ಅರಮನೆಯ ಹೊರಗೆ ಹಬ್ಬಲೇ ಇಲ್ಲ. ಅಷ್ಟು ಎಲೆಗಳನ್ನು ಹಿಡಿಯಲು ಜನಸಾಮಾನ್ಯರಿಗೆ ಎರಡು ಕೈ ಸಾಲುತ್ತಿರಲಿಲ್ಲವೇನೋ!

ಬದಲಿಯಾಗಿ ನಿಲ್ಲುವ ಎಲೆಯ ಬಲಕ್ಕೂ ಮಿತಿಯಿದೆ. ರಮ್ಮಿ ಆಡುವ ತಂದೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ಮೂರು ಜೋಕರ್ ಇದ್ದರೂ, ಜೋಕರ್ ಇಲ್ಲದ ಒಂದು ಸೀಕ್ವೆನ್ಸ್ ಆಗದ ತನಕ ಅವು ಬರಿಯ ಶೋಕಿ.

ಈಗ ಜಗಲಿಯ ಮಕ್ಕಳ ಕಡೆಗೆ ಬರೋಣ. ಕಾರ್ಡು ಸಂಗ್ರಹಿಸಿ, ಬದಲಾಯಿಸಿ, ತನ್ನದೇ ಕಟ್ಟು ಕಟ್ಟಿಕೊಂಡು ಆಡುವ ಈ ಬಗೆಗೆ 1993ರಲ್ಲಿ ‘ಮ್ಯಾಜಿಕ್’ ಆಟದಿಂದ ನಾಂದಿ ಹಾಡಿದವರು ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ. ಪೋಕೆಮಾನ್ ಕಾರ್ಡುಗಳು 1996ರಲ್ಲಿ ಜಪಾನಿನಲ್ಲಿ ಹೊರಬಂದವು. ಕಟ್ಟಿಗೆ 60 ಕಾರ್ಡು. ಮೂಲ ಶಕ್ತಿ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರಬಾರದು. ಆರಂಭದಲ್ಲಿ ಕೈಗೆ ಏಳು. ಆರು ಕಾರ್ಡು ಬಹುಮಾನವಾಗಿ ಪಕ್ಕಕ್ಕೆ. ಎದುರಾಳಿಯ ಪೋಕೆಮಾನ್ ಸೋತಾಗ ಬಹುಮಾನ ಎತ್ತಬೇಕು. ಆರನ್ನೂ ಮೊದಲು ಎತ್ತಿದವನಿಗೆ ಗೆಲುವು.

ಇದರಲ್ಲಿ ‘ಜಡ್ಜ್’ ಎಂಬ ಕಾರ್ಡಿದೆ. ಇಬ್ಬರೂ ಕೈಯಲ್ಲಿರುವುದನ್ನೆಲ್ಲ ಕಟ್ಟಿಗೆ ಸೇರಿಸಿ ಕಲೆಸಿ, ತಲಾ ನಾಲ್ಕು ಎಳೆಯಬೇಕು. ಅಷ್ಟೇ. ಇದು ಬಲವಾದ ಕಾರ್ಡೋ, ಅಲ್ಲವೋ?

ಜಡ್ಜ್ ಬಿಟ್ಟು ನಿಮ್ಮ ಕೈಯಲ್ಲಿ ಎರಡೇ ಕಾರ್ಡು, ಎದುರಾಳಿಯ ಕೈಯಲ್ಲಿ ಏಳು ಇವೆ ಎನ್ನಿ. ಆಡಿದ ಮೇಲೆ ನಿಮ್ಮ ಎರಡು ನಾಲ್ಕಾಯಿತು, ಅವನ ಏಳು ನಾಲ್ಕಾಯಿತು. ಇಂಥ ಲಾಭ ಬೇರೆಲ್ಲಿ? ಅದೇ ಕಾರ್ಡನ್ನು ನಿಮ್ಮಲ್ಲಿ ಆರು, ಅವನಲ್ಲಿ ಎರಡು ಇರುವಾಗ ಆಡಿದರೆ ನಿಮ್ಮ ಕೈಯಾರೆ ಅವನಿಗೆ ಔತಣ ಬಡಿಸಿದಂತೆ. ಈ ಜಾತಿಯ ಕಾರ್ಡನ್ನು ಒಂದು ಸರದಿಗೆ ಒಂದೇ ಆಡಬಹುದು ಎಂಬ ನಿಯಮ ಬೇರೆ. ಜಡ್ಜ್ ಆಡಿದಿರೆಂದರೆ ಆ ಸರದಿಯಲ್ಲಿ ಇನ್ನೊಂದು ಸಹಾಯದ ಕಾರ್ಡನ್ನು ಬಿಟ್ಟುಕೊಟ್ಟಿರಿ. ಅದೂ ಖರ್ಚೇ.

ಹಾಗೆಂದು ಎಣಿಕೆಯೊಂದೇ ಸಾಲದು. ಎದುರಾಳಿ ಮೂರು ಸರದಿಯಿಂದ ಏನನ್ನೂ ಆಡದೆ ಏಳು ಕಾರ್ಡು ಹಿಡಿದು ಕೂತಿದ್ದಾನೆಂದರೆ ಅವನ ಕೈ ತುಂಬ ಕಸವೇ ಇರಬಹುದು. ಆಗ ಜಡ್ಜ್ ಆಡುವುದೆಂದರೆ ಅವನ ಮನೆ ಗುಡಿಸಿಕೊಟ್ಟ ಹಾಗೆ! ಈಗತಾನೇ ಕಟ್ಟಿನಿಂದ ಒಳ್ಳೆಯದೊಂದನ್ನು ಹುಡುಕಿ, ತೋರಿಸಿ, ಕೈಗಿಟ್ಟುಕೊಂಡ ಎದುರಾಳಿಯ ಮಾತು ಬೇರೆ. ಅವನ ಕೈಯಲ್ಲಿ ಮೂರೇ ಕಾರ್ಡಿದ್ದರೂ ಕಲೆಸುವುದು ಜಾಣತನ. ನೋಡಬೇಕಾದ್ದು ಕಾರ್ಡನ್ನಲ್ಲ, ಎದುರಿಗಿರುವವನ ಮುಖವನ್ನು, ಅವನು ಆಡಿದ್ದನ್ನು, ಆಡದೆ ಬಿಟ್ಟದ್ದನ್ನು.

2011ರಲ್ಲಿ ಬಂದ ‘ಎನ್’ ಎಂಬ ಕಾರ್ಡು ಇನ್ನೂ ಸೊಗಸಿನದು. ಇದರಲ್ಲಿ ಕೈ ಕಲೆಸಿದ ಮೇಲೆ ಎಳೆಯುವುದು ತನಗೆ ಎಷ್ಟು ಬಹುಮಾನ ಉಳಿದಿದೆಯೋ ಅಷ್ಟು. ಆಟದ ಮೊದಲಿಗೆ ಇಬ್ಬರಿಗೂ ಆರಾರು, ಕೆಡುಕೇನೂ ಇಲ್ಲ. ಆದರೆ ಎದುರಾಳಿ ಐದು ಬಹುಮಾನ ಎತ್ತಿ ಗೆಲುವಿನ ಹೊಸ್ತಿಲಲ್ಲಿದ್ದರೆ ಅವನ ಕೈಗೆ ಒಂದೇ ಕಾರ್ಡು. ಹಿಂದೆ ಬಿದ್ದ ನಿಮಗೆ ನಾಲ್ಕೋ ಐದೋ. 2023ರ ‘ಅಯೋನೋ’ ಕೂಡ ಇದೇ ಲೆಕ್ಕದ್ದು, ಹಳೆಯ ಕೈ ಕಟ್ಟಿನ ತಳಕ್ಕೆ ಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಒಂದು ಕಾರ್ಡಿಗಿಳಿಸಿದರೆ ನಿಜಕ್ಕೂ ಎಷ್ಟು ಪೆಟ್ಟು? ಸಂಭವನೀಯತೆ ಓದುತ್ತಿರುವ ಮಕ್ಕಳು ಲೆಕ್ಕ ಹಾಕಬಹುದು. 60 ಕಾರ್ಡಿನ ಪೂರ್ತಿ ಕಟ್ಟಿನಲ್ಲಿ ಬೇಕಾದ ಕಾರ್ಡು ನಾಲ್ಕಿವೆ ಎನ್ನಿ. ಒಂದೇ ಎಳೆದರೆ ಅದು ಸಿಗುವ ಸಂಭವ 60ರಲ್ಲಿ 4, ಎಂದರೆ ಹದಿನೈದಕ್ಕೆ ಒಂದು. ನಾಲ್ಕು ಎಳೆದರೆ? ಮೊದಲು ಸಿಗದಿರುವ ಸಂಭವ ನೋಡಬೇಕು: 56/60, 55/59, 54/58, 53/57 ಇವನ್ನು ಗುಣಿಸಿದರೆ ಸುಮಾರು 0.753. ಅಂದರೆ ಒಂದಾದರೂ ಸಿಗುವುದು ನೂರಕ್ಕೆ ಸುಮಾರು 25 ಸಲ. ಏಳು ಎಳೆದರೆ ಸುಮಾರು 40. ಏಳರಿಂದ ನಾಲ್ಕಕ್ಕೆ ಇಳಿಸುವ ಜಡ್ಜ್ ನಲವತ್ತನ್ನು ಇಪ್ಪತ್ತೈದು ಮಾಡುತ್ತದೆ. ಒಂದಕ್ಕೆ ಇಳಿಸುವ ಎನ್ ಏಳರ ಕೆಳಗೆ ತಳ್ಳುತ್ತದೆ. ಆದರೂ ಪೂರ್ತಿ ಬಾಗಿಲು ಹಾಕಿದಂತಲ್ಲ. ಮುಂದಿನ ಸರದಿಗೆ ಎದುರಾಳಿ ಇನ್ನೊಂದು ಎಳೆಯುತ್ತಾನೆ, ಆಗ ಸಂಭವ ಮತ್ತೆ ಹದಿಮೂರಕ್ಕೇರುತ್ತದೆ. ಕೆಡಿಸಿದ ಲಾಭಕ್ಕೆ ಒಂದೆರಡು ಸರದಿಯಷ್ಟೇ ಆಯುಸ್ಸು. ಅಷ್ಟರೊಳಗೆ ಗೆಲ್ಲುವ ದಾರಿ ಕೈಯಲ್ಲಿಲ್ಲದವನು ಕೆಡಿಸಿ ಪಡೆಯುವುದೇನು?

ಇದನ್ನು ಪರೀಕ್ಷಿಸಲು ದುಡ್ಡು ಕೊಟ್ಟು ಕಾರ್ಡು ಕೊಳ್ಳಬೇಕೆಂದೇನೂ ಇಲ್ಲ. ಚಿನ್ನದ ಬಣ್ಣ ಬಳಿದು ಅಗ್ಗಕ್ಕೆ ಮಾರುವ ಕಟ್ಟುಗಳಲ್ಲಿ ಬಹಳಷ್ಟು ನಕಲಿ. ಮನೆಯಲ್ಲಿರುವ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ 60 ಚೀಟಿ ಮಾಡಿ, ನಾಲ್ಕಕ್ಕೆ ಮಾತ್ರ ಕೆಂಪು ಚುಕ್ಕೆ ಇಟ್ಟರೆ ಸಾಕು. ಮಗ ಕಲೆಸಿ ನಾಲ್ಕು ಎಳೆಯಲಿ, ಅಮ್ಮ ಬರೆದುಕೊಳ್ಳಲಿ. ಪ್ರತಿ ಸಲವೂ ಚೀಟಿಗಳನ್ನು ವಾಪಸು ಹಾಕಿ ಚೆನ್ನಾಗಿ ಕಲೆಸಬೇಕು. ಹತ್ತು ಸಲಕ್ಕೆ ಫಲಿತಾಂಶ ಹೇಗೆ ಬೇಕಾದರೂ ಬಂದೀತು. ನೂರು ಸಲ ಎಳೆದರೆ ಚುಕ್ಕೆ ಕಂಡ ಸಲಗಳು ಇಪ್ಪತ್ತೈದರ ಆಸುಪಾಸಿಗೆ ಬಂದು ನಿಲ್ಲುತ್ತವೆ.