ಏಕಕೋಶ ಜೀವಿಯ ಎರಡು ಕಣಜಗಳು

ಸುಗ್ಗಿಯು ಮುಗಿದ ಕೂಡಲೇ ಬಿತ್ತನೆಗೆ ಬೇಕಾದ ಕಾಳನ್ನು ಆರಿಸಿ ಬೇರೆಯಾಗಿಟ್ಟು, ಉಳಿದುದನ್ನು ಊಟಕ್ಕೂ ಮಾರಾಟಕ್ಕೂ ಉಪಯೋಗಿಸುವುದು ಒಕ್ಕಲುತನದಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿಯು. ಬಿತ್ತನೆಯ ಕಾಳನ್ನು ತಿಂದವನ ಹೊಲವು ಮುಂದಿನ ಮುಂಗಾರಿನಲ್ಲಿ ಬೀಳುಬೀಳುವುದೆಂಬುದನ್ನು ಗ್ರಾಮದ ಮುಖಂಡರಿಗೆ ಹೇಳಬೇಕಾದುದಿಲ್ಲ. ಆದರೆ ಇಂತಹುದೇ ಏರ್ಪಾಡು ಬರಿಯ ಕಣ್ಣಿಗೆ ಸುಲಭವಾಗಿ ಕಾಣದ ಒಂದು ಜೀವಿವರ್ಗದ ಶರೀರದೊಳಗೂ ಉಂಟೆಂಬುದು ಅನೇಕರಿಗೆ ತಿಳಿದಿರಲಾರದು.

ಈ ಜೀವಿಗಳಿಗೆ ಶಾಸ್ತ್ರಜ್ಞರು ಸಿಲಿಯೇಟ್‌ಗಳೆಂದು ಹೆಸರಿಟ್ಟಿರುತ್ತಾರೆ. ಇವುಗಳ ಶರೀರವೆಲ್ಲವೂ ಒಂದೇ ಜೀವಕೋಶವು. ಮೈಮೇಲಿರುವ ಸೂಕ್ಷ್ಮವಾದ ರೋಮಗಳನ್ನು ದೋಣಿಯ ಹುಟ್ಟಿನಂತೆ ಬಡಿದು ಇವು ಈಜುವುವು. ಕೆರೆಕುಂಟೆಗಳ ನೀರಿನಲ್ಲಿಯೂ, ತೇವವುಳ್ಳ ಮಣ್ಣಿನಲ್ಲಿಯೂ, ಮೆಲುಕು ಹಾಕುವ ದನಕುರಿಗಳ ಮೊದಲನೆಯ ಹೊಟ್ಟೆಯಲ್ಲಿಯೂ ಇವು ಅಸಂಖ್ಯಾತವಾಗಿರುವುವು.

ಎರಡು ಬಗೆಯ ಕೋಶಕೇಂದ್ರಗಳು

ಸಸ್ಯಗಳಲ್ಲಿಯೂ ಪ್ರಾಣಿಗಳಲ್ಲಿಯೂ ಜೀವಕೋಶಕ್ಕೆ ಸಾಮಾನ್ಯವಾಗಿ ಒಂದೇ ಬಗೆಯ ಕೇಂದ್ರವಿರುವುದು. ವಂಶದ ಗುಣಗಳನ್ನು ಸಾಗಿಸುವ ಡಿ.ಎನ್.ಎ. ಎಂಬ ವಸ್ತುವು ಅದರೊಳಗೆ ವರ್ಣತಂತುಗಳ ರೂಪದಲ್ಲಿ ಅಡಗಿರುತ್ತದೆ. ಸಿಲಿಯೇಟ್‌ಗಳಲ್ಲಿಯಾದರೋ ಕೇಂದ್ರವು ಎರಡು ಬಗೆ. ಹಿರಿಯ ಕೇಂದ್ರವು ಆಹಾರ, ಚಲನೆ, ಬೆಳವಣಿಗೆ ಮೊದಲಾದ ದಿನನಿತ್ಯದ ಸಂಸಾರವನ್ನು ನಡೆಸುವುದು. ಇದು ಊಟದ ಕಾಳು. ಕಿರಿಯ ಕೇಂದ್ರವು ಆ ಕೆಲಸಗಳಲ್ಲಿ ಕೈಹಾಕದೆ ಸುಮ್ಮನಿರುವುದು. ಇದು ಬಿತ್ತನೆಯ ಕಾಳು.

ಸಾಧಾರಣ ಕಾಲದಲ್ಲಿ ಜೀವಿಯು ಎರಡಾಗಿ ಸೀಳಿ ವೃದ್ಧಿಹೊಂದುವಾಗ ಎರಡು ಕೇಂದ್ರಗಳೂ ಮರಿಗಳಿಗೆ ಹಂಚಿಹೋಗುವುವು. ಆಹಾರವು ಕ್ಷೀಣವಾದಾಗ ಎರಡು ಜೀವಿಗಳು ಜೊತೆಗೂಡಿ, ತಮ್ಮ ಕಿರಿಯ ಕೇಂದ್ರದ ಪಾಲನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುವು. ಅನಂತರ ಹಳೆಯ ಹಿರಿಯ ಕೇಂದ್ರವು ನಾಶವಾಗುವುದು. ಕೂಡಿಕೆಯಿಂದ ಹುಟ್ಟಿದ ಕಿರಿಯ ಕೇಂದ್ರದಿಂದಲೇ ಹೊಸ ಹಿರಿಯ ಕೇಂದ್ರವು ನಿರ್ಮಿತವಾಗುವುದು.

ಈ ನಿರ್ಮಾಣದ ಕ್ರಮವೇ ಆಶ್ಚರ್ಯಕರವಾದುದು. ಟೆಟ್ರಹೈಮಿನ ಎಂಬ ಸಿಹಿನೀರಿನ ಜಾತಿಯ ಕಿರಿಯ ಕೇಂದ್ರದಲ್ಲಿ ೫ ಜೊತೆ ವರ್ಣತಂತುಗಳುಂಟು. ಹಿರಿಯ ಕೇಂದ್ರವು ಏರ್ಪಡುವಾಗ ಇವು ಕತ್ತರಿಸಲ್ಪಟ್ಟು ಸುಮಾರು ೧೮೦ ಬಗೆಯ ತುಂಡುಗಳಾಗುವುವು. ಸಾಮಾನ್ಯವಾಗಿ ಒಂದೊಂದು ತುಂಡಿಗೂ ಸುಮಾರು ೪೫ ಪ್ರತಿಗಳು ಸಿದ್ಧವಾಗುವುವು. ೨೦೦೬ರಲ್ಲಿ ಪ್ರಕಟವಾದ ಗಣನೆಯಂತೆ ಈ ಹಿರಿಯ ಕೇಂದ್ರದಲ್ಲಿ ಸುಮಾರು ೨೭,೦೦೦ ಜೀನ್‌ಗಳು, ಅಂದರೆ ವಂಶವಾಹಿಗಳು, ಇರುವುವು.

ಚದರಿದ ಕಡತದ ಜೋಡಣೆ

ಆಕ್ಸಿಟ್ರೈಕ ಎಂಬ ಇನ್ನೊಂದು ಜಾತಿಯ ಸಂಗತಿಯು ಇದಕ್ಕಿಂತಲೂ ವಿಚಿತ್ರವಾದುದು. ಜಮೀನಿನ ದಾಖಲೆಯ ಕಡತವೊಂದರ ಹಾಳೆಗಳು ಚದರಿ, ಹಿಂದುಮುಂದಾಗಿ, ನಡುನಡುವೆ ರದ್ದಿ ಕಾಗದಗಳು ಸೇರಿದ್ದರೆ ಹೇಗೋ, ಇದರ ಕಿರಿಯ ಕೇಂದ್ರದಲ್ಲಿ ಅನೇಕ ಜೀನ್‌ಗಳ ಸ್ಥಿತಿಯು ಹಾಗಿದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಡೇವಿಡ್ ಪ್ರೆಸ್ಕಾಟ್ ಮತ್ತು ಅವರ ಸಹೋದ್ಯೋಗಿಗಳು ೧೯೮೯ರಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಜೀನ್ ೯ ತುಂಡುಗಳಾಗಿ ಚದರಿರುವುದನ್ನು ತೋರಿಸಿದರು. ತುಂಡುಗಳು ಇದ್ದ ಕ್ರಮವು ೩, ೪, ೬, ೫, ೭, ೯, ೨, ೧, ೮. ಅದರಲ್ಲಿಯೂ ಎರಡನೆಯದು ತಲೆಕೆಳಗು. ಹೊಸ ಹಿರಿಯ ಕೇಂದ್ರವನ್ನು ಕಟ್ಟುವಾಗ ಜೀವಿಯು ರದ್ದಿಯನ್ನು ತೆಗೆದುಹಾಕಿ, ತುಂಡುಗಳನ್ನು ೧ರಿಂದ ೯ರವರೆಗೆ ಸರಿಯಾಗಿ ಜೋಡಿಸುವುದು.

೨೦೧೪ರಲ್ಲಿ ಇದೇ ಕುಲದ ಇನ್ನೊಂದು ಜಾತಿಯಲ್ಲಿ ಎಣಿಸಿದಾಗ ಇಂತಹ ತುಂಡುಗಳು ೨,೨೫,೦೦೦ಕ್ಕೂ ಮೀರಿದ್ದುವು. ನೂರಕ್ಕೆ ೯೦ ಪಾಲಿಗಿಂತ ಹೆಚ್ಚಾದ ಡಿ.ಎನ್.ಎ. ವಿಸರ್ಜಿಸಲ್ಪಟ್ಟು, ಉಳಿದುದು ಸುಮಾರು ೧೬,೦೦೦ ಪುಟ್ಟ ವರ್ಣತಂತುಗಳಾಗುವುದು. ಇವುಗಳಲ್ಲಿ ಬಹುಪಾಲಿನಲ್ಲಿ ತಲಾ ಒಂದೇ ಜೀನ್.

ಸರಿಯಾದ ಕ್ರಮವು ಜೀವಿಗೆ ತಿಳಿಯುವುದು ಹೇಗೆ? ಹಳೆಯ ಹಿರಿಯ ಕೇಂದ್ರವು ಅಳಿಯುವ ಮುನ್ನ ತನ್ನ ದಾಖಲೆಗೆ ಆರ್.ಎನ್.ಎ. ಎಂಬ ವಸ್ತುವಿನಲ್ಲಿ ನಕಲು ತೆಗೆದುಕೊಡುವುದೆಂದೂ, ಆ ನಕಲನ್ನು ನೋಡಿ ಜೋಡಣೆಯು ನಡೆಯುವುದೆಂದೂ ೨೦೦೮ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿತು. ಕ್ರಮವನ್ನು ಬದಲಾಯಿಸಿದ ನಕಲನ್ನು ಜೀವಿಯೊಳಗೆ ಸೇರಿಸಿದಾಗ ಸಂತತಿಯಲ್ಲಿಯೂ ಆ ಬದಲಾದ ಕ್ರಮವೇ ಕಂಡುಬಂದಿತು.

ಈ ವ್ಯಾಸಂಗದಿಂದಾದ ಪ್ರಯೋಜನ

ವರ್ಣತಂತುವನ್ನು ತುಂಡರಿಸಿದಷ್ಟೂ ತುದಿಗಳು ಹೆಚ್ಚುವುವು. ಆದುದರಿಂದ ತುದಿಗಳನ್ನು ಪರೀಕ್ಷಿಸಲು ಟೆಟ್ರಹೈಮಿನವು ಅನುಕೂಲವಾದ ಜೀವಿಯಾಯಿತು. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ ಎಂಬುವರು, ಆರು ಅಕ್ಷರಗಳ ಒಂದೇ ಮಾತು ಮೇಲಿಂದಮೇಲೆ ಬಂದಂತೆ ಆ ತುದಿಗಳು ರಚಿತವಾಗಿರುವುದನ್ನು ೧೯೭೮ರಲ್ಲಿ ಪ್ರಕಟಿಸಿದರು. ಹಗ್ಗದ ತುದಿ ಬಿಚ್ಚದಂತೆ ಹಾಕುವ ಗಂಟಿನ ಹಾಗೆ ಇದು ವರ್ಣತಂತುವನ್ನು ರಕ್ಷಿಸುವುದು. ಭತ್ತದ ವರ್ಣತಂತುಗಳಲ್ಲಿಯೂ ಏಳು ಅಕ್ಷರಗಳ ಇಂತಹುದೇ ಕಾಪು ಉಂಟು. ಈ ಶೋಧನೆಗಳಿಗಾಗಿ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಸೋಸ್ಟಾಕ್ ಇವರಿಗೆ ೨೦೦೯ರ ನೊಬೆಲ್ ಪಾರಿತೋಷಕವು ದೊರೆಯಿತು.

ಕೊನೆಯಲ್ಲಿ ಒಂದು ಸಂಗತಿಯು ಗಮನಾರ್ಹವಾದುದು. ಟೆಟ್ರಹೈಮಿನದ ಕೆಲವು ವಂಶಗಳು ಕಿರಿಯ ಕೇಂದ್ರವನ್ನೇ ಕಳೆದುಕೊಂಡಿರುವುವು. ಅವು ಈಜುವುವು, ತಿನ್ನುವುವು, ಸೀಳಿ ಸಂಖ್ಯೆಯಲ್ಲಿ ಹೆಚ್ಚುವುವು. ಹೊರಗೆ ನೋಡುವವರಿಗೆ ಯಾವ ಕೊರತೆಯೂ ಕಾಣದು. ಆದರೆ ಜೊತೆಗೂಡಿ ಹೊಸ ಸಂತತಿಯನ್ನು ಪಡೆಯುವ ಶಕ್ತಿಯು ಅವುಗಳಿಗಿಲ್ಲ. ಹಳೆಯ ಕೇಂದ್ರದಲ್ಲಿ ಉಳಿದಿರುವಷ್ಟೇ ಅವುಗಳ ಆಸ್ತಿ. ಅದು ಕೆಟ್ಟರೆ ಹೊಸದಾಗಿ ಕಟ್ಟಿಕೊಳ್ಳಲು ಮೂಲವಿಲ್ಲ. ಊಟದ ಕಣಜವು ತುಂಬಿದೆಯೆಂದು ಬಿತ್ತನೆಯ ಕಣಜವನ್ನು ಅಲಕ್ಷಿಸುವ ಮನೆತನಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.