ಕತ್ತಿನೊಳಗಿನ ಗಾಳಿದಾರಿ

ಶ್ವಾಸನಾಳ ಹರಿದವರ ಕತ್ತಿನ ಮೇಲೆ ಕೆಲವೊಮ್ಮೆ ಒಂದು ತರಚುಗಾಯವಷ್ಟೇ ಇರುತ್ತದೆ. ಮೋಸ ಹೋಗುವುದು ಅಲ್ಲಿಯೇ. ವಯಸ್ಕರಲ್ಲಿ ಈ ನಾಳದ ಉದ್ದ 10–12 ಸೆಂ.ಮೀ. ಮುಂದೆ ಮೃದ್ವಸ್ಥಿಯ 16ರಿಂದ 20 ಅರೆಬಳೆಗಳ ಆಸರೆ, ಹಿಂದೆ ಬರೀ ಮೆದು ಪೊರೆ. ಎದೆಯೊಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಎದೆಗೆ ಭಾರಿ ಪೆಟ್ಟು ಬಿದ್ದಾಗ ಹೆಚ್ಚಾಗಿ ಹರಿಯುವುದು ಆ ಕವಲಿನ ಆಸುಪಾಸಿನ ಎರಡೂವರೆ ಸೆಂ.ಮೀ. ಜಾಗ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಬ್ಬಿನ ಸೀಮೆ. ಹಂಗಾಮಿನಲ್ಲಿ ರಾತ್ರಿಯೆಲ್ಲ ಸಾಗುವ ಟ್ರ್ಯಾಕ್ಟರಿನ ಡಬ್ಬಿಗೆ ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದಿದ್ದರೆ, ಬೈಕ್ ಸವಾರನ ಕತ್ತೋ ಎದೆಯೋ ನೇರ ಅದಕ್ಕೆ ಬಡಿಯುತ್ತದೆ. ಕತ್ತಲಲ್ಲಿ ಕಾಣದ ತಂತಿಬೇಲಿ, ಯಂತ್ರದ ಬೆಲ್ಟಿಗೆ ಸಿಕ್ಕ ಸೆರಗು ಮಾಡುವ ಗಾಯವೂ ಇದೇ ಬಗೆಯದು.

ಮಾತಾಡಿಸಿ ನೋಡುವುದೇ ಮೊದಲ ಪರೀಕ್ಷೆ. ದನಿ ಒಡೆದಿದ್ದರೆ, ಉಸಿರೆಳೆದಾಗ ಸೀಟಿಯಂಥ ಸದ್ದು ಬಂದರೆ, ಕೆಮ್ಮಿನಲ್ಲಿ ರಕ್ತವಿದ್ದರೆ ಸಂಶಯ ಬಲವಾಗುತ್ತದೆ. ನಾಳದಿಂದ ಸೋರಿದ ಗಾಳಿ ಚರ್ಮದಡಿ ಸೇರಿ ಕತ್ತು ಉಬ್ಬುತ್ತದೆ. ಬೆರಳಿಂದ ಒತ್ತಿದರೆ ಚುರುಮುರಿ ಮುರಿದಂತೆ ಚರಚರ ಎನ್ನುತ್ತದೆ. ಸಿಟಿ ಸ್ಕ್ಯಾನ್ ಸುಳಿವು ಕೊಡುತ್ತದೆ. ಹರಿದ ಜಾಗವನ್ನು ಕಣ್ಣಾರೆ ತೋರಿಸುವುದು ಬ್ರಾಂಕೋಸ್ಕೋಪಿ, ಅಂದರೆ ಗಾಳಿದಾರಿಯೊಳಗೆ ದರ್ಶಕ ಇಳಿಸಿ ನೋಡುವ ಪರೀಕ್ಷೆ.

ಇಂಥವರನ್ನು ಒತ್ತಾಯದಿಂದ ಅಂಗಾತ ಮಲಗಿಸಬಾರದು, ನೀರು ಕುಡಿಸಬಾರದು. ಗಾಯದಿಂದ ಗಾಳಿಗುಳ್ಳೆ ಏಳುತ್ತಿದ್ದರೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಲೂ ಬಾರದು. 108ಕ್ಕೆ ಕರೆ ಮಾಡಿ ಹೊರಡಬೇಕು. ಚಿಕ್ಕೋಡಿಯಿಂದ ಬೆಳಗಾವಿ ಸುಮಾರು 70 ಕಿ.ಮೀ.; ಕಾಗವಾಡದವರಿಗೆ ಮಹಾರಾಷ್ಟ್ರದ ಮಿರಜ, ನಿಪ್ಪಾಣಿಯವರಿಗೆ ಅಲ್ಲಿನದೇ ಕೊಲ್ಲಾಪುರ ಹತ್ತಿರ. ಗಡಿ ತಂಟೆ ಏನೇ ಇರಲಿ, ಗಾಯಾಳುವಿನ ಗಾಡಿ ಹತ್ತಿರದ ದೊಡ್ಡ ಆಸ್ಪತ್ರೆಯ ಕಡೆಗೇ ತಿರುಗುತ್ತದೆ.

ಅಲ್ಲಿ ಸ್ಕ್ಯಾನಿಗಿಂತ ಮೊದಲು ಉಸಿರಿನ ದಾರಿ ಭದ್ರವಾಗಬೇಕು. ಕುರುಡಾಗಿ ನಳಿಕೆ ತೂರಿಸಿದರೆ ಅರ್ಧ ಹರಿದ ನಾಳ ಪೂರ್ತಿ ಕಿತ್ತುಬರಬಹುದು. ಹಾಗಾಗಿ ದರ್ಶಕದಲ್ಲಿ ನೋಡುತ್ತ ನಳಿಕೆಯ ತುದಿಯನ್ನು ಹರಿದ ಜಾಗದಿಂದ ಆಚೆಗೆ ಇಳಿಸುತ್ತಾರೆ. ಆಗದಿದ್ದರೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಡಿಸುತ್ತಾರೆ. ಉಸಿರಾಟ ಸರಿಯಾಗಿದ್ದರೆ ಚಿಕ್ಕ ಸೀಳು ನಿಗಾದಲ್ಲೇ ಮಾಯುವುದುಂಟು. ದೊಡ್ಡದಕ್ಕೆ ಕರಗುವ ದಾರದ ಹೊಲಿಗೆ ಬೇಕು. ನಾಳದ ತುಂಡೇ ತೆಗೆದು ಜೋಡಿಸಿದ್ದರೆ, ಹೊಲಿಗೆ ಎಳೆಯದಿರಲೆಂದು ಕೆಲವರಿಗೆ ಗದ್ದವನ್ನು ಎದೆಗೆ ದಾರದಿಂದ ಹೊಲಿದಿಡುತ್ತಾರೆ. ಸುಮಾರು ಒಂದು ವಾರ ತಲೆ ತಗ್ಗಿಸಿಯೇ ಇರಬೇಕು.

ಮಾಯ್ದ ಜಾಗ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಿರಿದಾಗಬಹುದು. ಏದುಸಿರು ಬಂದಾಗ ದಮ್ಮೆಂದು ಮಾತ್ರೆ ನುಂಗುವವರಿದ್ದಾರೆ. ಹಳೆಯ ಅಪಘಾತವನ್ನು ವೈದ್ಯರಿಗೆ ಹೇಳಿದರೆ ಅವರು ಮತ್ತೆ ದರ್ಶಕ ಇಳಿಸಿ ನೋಡುತ್ತಾರೆ.