ಸೂಜಿಯ ನೆರೆಹೊರೆ
ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಬಳಿಯಿಂದ ಠಾಣೆ ಖಾಡಿಗೆ ಫ್ಲೆಮಿಂಗೊ ನೋಡಲು ಹೊರಡುವ ದೋಣಿಗೆ ದಿಕ್ಸೂಚಿಯ ಹಂಗಿಲ್ಲ. ಈಚೆ ದಡ ಭಾಂಡುಪ್, ಆಚೆ ದಡ ಐರೋಲಿ; ಕಣ್ಣಳತೆಯೇ ಸಾಕು. ಖಾಡಿ ದಾಟಿ ತೆರೆದ ಕಡಲಿಗೆ ಇಳಿದ ಮೇಲೆ ಮಾತು ಬೇರೆ. ಆದರೂ ಮುಂಬಯಿಯವರಿಗೆ ಭೂಮಿ ಒಂದು ರಿಯಾಯಿತಿ ಕೊಟ್ಟಿದೆ: ಇಲ್ಲಿ ಸೂಜಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಒಂದು ಡಿಗ್ರಿಯ ಅಂತರವೂ ಇಲ್ಲ. ಹಾಗಾಗಿ ದಿಕ್ಸೂಚಿ ತಪ್ಪಿದರೆ ಕಳ್ಳ ದೋಣಿಯೊಳಗೇ ಇದ್ದಾನೆ.

ಈ ಕಳ್ಳನನ್ನು ಸರಿಯಾಗಿ ಬೆನ್ನಟ್ಟಿದವನು ಮ್ಯಾಥ್ಯೂ ಫ್ಲಿಂಡರ್ಸ್. 1801ರಲ್ಲಿ ‘ಇನ್ವೆಸ್ಟಿಗೇಟರ್’ ಹಡಗೇರಿ ಆಸ್ಟ್ರೇಲಿಯಾದ ಕರಾವಳಿ ಅಳೆಯಲು ಹೊರಟವನು ಅವನು. ಹಡಗಿನ ಮೂತಿ ಪೂರ್ವಕ್ಕೆ ತಿರುಗಿದಾಗ ಒಂದು ಲೆಕ್ಕ, ಪಶ್ಚಿಮಕ್ಕೆ ತಿರುಗಿದಾಗ ಇನ್ನೊಂದು. ಉತ್ತರ, ದಕ್ಷಿಣಕ್ಕೆ ಮುಖ ಮಾಡಿದಾಗ ತಕರಾರೇ ಇಲ್ಲ. ಭೂಮಧ್ಯರೇಖೆಯ ಆಚೆಗೆ ಹೋದರೆ ತಪ್ಪು ತಿರುವುಮುರುವು. ಹಡಗಿನಲ್ಲಿ ನೆಟ್ಟಗೆ ನಿಂತ ಕಬ್ಬಿಣವನ್ನು ಭೂಮಿಯೇ ಕಾಂತವಾಗಿಸುತ್ತಿದೆ ಎಂದು ಅವನಿಗೆ ಹೊಳೆಯಿತು. 1803ರ ಕೊನೆಗೆ ಫ್ರೆಂಚರು ಅವನನ್ನು ಮಾರಿಷಸ್‌ನಲ್ಲಿ ಸೆರೆಹಿಡಿದರು. ಸೆರೆಯಲ್ಲಿದ್ದೇ ಬರೆದ ಪ್ರಬಂಧ 1805ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಿಂದ ಪ್ರಕಟವಾಯಿತು. ಕಬ್ಬಿಣಕ್ಕೆ ಕಬ್ಬಿಣವನ್ನೇ ಎದುರು ನಿಲ್ಲಿಸುವ ಅವನ ಉಪಾಯ ‘ಫ್ಲಿಂಡರ್ಸ್ ಬಾರ್’ ಎಂಬ ಹೆಸರಲ್ಲಿ ಇಂದಿಗೂ ಹಡಗುಗಳಲ್ಲಿದೆ.

ಮರದ ಹಡಗಿನ ಗೋಳೇ ಇಷ್ಟಾದರೆ ಪೂರಾ ಕಬ್ಬಿಣದ ಹಡಗಿನದು? 1838ರಲ್ಲಿ ಜಾರ್ಜ್ ಏರಿ ‘ರೇನ್‌ಬೋ’ ಎಂಬ ಉಗಿಹಡಗನ್ನು ಸುತ್ತ ತಿರುಗಿಸಿ, ಪ್ರತಿ ದಿಕ್ಕಿನಲ್ಲೂ ತಪ್ಪನ್ನು ಅಳೆದು, ಪಕ್ಕದಲ್ಲಿ ಕಾಂತಗಳನ್ನಿಟ್ಟು ಸರಿಪಡಿಸಿದ.

ನನಗೆ ಇವರಿಬ್ಬರಿಗಿಂತ ಹೆಚ್ಚು ಇಷ್ಟವಾಗುವವರು ಮುಂಬಯಿಯವರೇ ಆದ ಎನ್.ಎ.ಎಫ್. ಮೂಸ್. ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಭೂಕಾಂತತೆಯ ದಾಖಲೆ ನಡೆದಿತ್ತು. ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾಗ, ಅದರ ಕರೆಂಟು ಸೂಜಿಯನ್ನು ನೆಮ್ಮದಿಯಾಗಿ ಬಿಡದೆಂದು ನಿರ್ದೇಶಕ ಮೂಸ್ ಅರಿತರು. ಸರಿಪಡಿಸುವ ಗೊಡವೆಗೆ ಹೋಗದೆ 1904ರಲ್ಲಿ ಸೂಜಿಯನ್ನೇ ಅಲಿಬಾಗ್‌ಗೆ ಒಯ್ದರು. ಕಾಂತಗುಣವಿಲ್ಲದ ಪೋರಬಂದರ್ ಕಲ್ಲನ್ನು ಆರಿಸಿ ಕಟ್ಟಡ ಎಬ್ಬಿಸಿದರು. ಎರಡೂ ಕಡೆ ಸ್ವಲ್ಪ ಕಾಲ ಒಟ್ಟೊಟ್ಟಿಗೆ ಅಳೆದು ಹೊಂದಾಣಿಕೆ ನೋಡಿದರು. ಟ್ರಾಮ್ ಓಡಿದ್ದು 1907ರಲ್ಲಿ. ಸಮಸ್ಯೆ ಬರುವ ಮೊದಲೇ ಜಾಗ ಬಿಟ್ಟ ಸರ್ಕಾರಿ ಕಚೇರಿ ಇನ್ನೊಂದಿದೆಯೇ!

ಸಣ್ಣ ದೋಣಿಗೂ ಮೊದಲ ಮದ್ದು ಮೂಸ್ ಅವರದೇ: ಎಂಜಿನ್, ಲಂಗರು, ಸ್ಪೀಕರ್, ಮೊಬೈಲು ಇವುಗಳಿಂದ ದಿಕ್ಸೂಚಿಯನ್ನು ದೂರವಿಡಿ. ದಿಕ್ಸೂಚಿ ಕೊಳ್ಳುವಾಗ ಅದರೊಳಗೆ ತಿರುಗುವ, ಡಿಗ್ರಿ ಬರೆದ ತಟ್ಟೆ ನಮ್ಮ ಅಕ್ಷಾಂಶಕ್ಕೆ ತೂಗಿದ್ದೇ ಎಂದು ಕೇಳಬೇಕು. ಲಂಡನ್ನಿನಲ್ಲಿ ಭೂಕಾಂತದ ಸೆಳೆತ 60 ಡಿಗ್ರಿಗೂ ಮಿಕ್ಕಿ ಕೆಳಕ್ಕೆ ಬಾಗಿದೆ, ಮುಂಬಯಿಯಲ್ಲಿ 30ಕ್ಕೂ ಕಡಿಮೆ. ಅಲ್ಲಿಗೆ ತೂಗಿದ ತಟ್ಟೆ ಇಲ್ಲಿ ಓರೆಯಾಗುತ್ತದೆ.

ಆಮೇಲೆ ಏರಿಯ ಮದ್ದು. ಗಾಳಿಯಿಲ್ಲದ ಹೊತ್ತು, ಸೇತುವೆಯ ಉಕ್ಕಿನಿಂದ ದೂರದಲ್ಲಿ ಅರ್ಧ ಮುಳುಗಿ ತೇಲುವ ಸೋರೆಬುರುಡೆಯೊಂದನ್ನು ನೀರಿಗೆ ಬಿಡಿ. ನೆಟ್ಟ ಗುರುತಾದರೆ ಖಾಡಿಯ ಸೆಳೆತ ದೋಣಿಯನ್ನಷ್ಟೇ ಸರಿಸಿ ಲೆಕ್ಕ ಕೆಡಿಸುತ್ತದೆ. ಬುರುಡೆಯಾದರೆ ದೋಣಿಯ ಜೊತೆಗೇ ತೇಲುತ್ತದೆ. ಅದರ ಪಕ್ಕದಿಂದ ದಿಕ್ಸೂಚಿಯ 90ಕ್ಕೆ ನೇರ ಹೋಗಿ, ತಿರುಗಿ ಬುರುಡೆಗೇ ಮೂತಿಯಿಡಿ. 270 ಬರಬೇಕು. 280 ಬಂದರೆ ಅರ್ಧ ತಪ್ಪನ್ನು ಮಾತ್ರ, ಅಂದರೆ 275ಕ್ಕೆ, ದಿಕ್ಸೂಚಿಯ ತಿರುಪಿನಿಂದ ತನ್ನಿ. ತಿರುಪು ತಿರುಗಿಸುವ ಸ್ಕ್ರೂಡ್ರೈವರು ಉಕ್ಕಿನದಲ್ಲ, ಹಿತ್ತಾಳೆಯದೇ ಇರಲಿ. ಉತ್ತರ-ದಕ್ಷಿಣಕ್ಕೂ ಇದೇ ಕ್ರಮ. ಉಳಿದ ತಪ್ಪನ್ನು ಪಟ್ಟಿ ಮಾಡಿ ಅಂಟಿಸಿ.

ತಲೆಯ ಮೇಲಿನ ಹೈಟೆನ್ಷನ್ ತಂತಿಗೆ ಹೆದರಬೇಕಿಲ್ಲ. ಸೆಕೆಂಡಿಗೆ 50 ಸಲ ಸುತ್ತುವ ಕರೆಂಟಿನ ಹಿಂದೆ ಓಡಲು ಸೂಜಿಗೆ ಪುರುಸೊತ್ತಿಲ್ಲ. ಕೆಣಕುವುದು ದೋಣಿಯದೇ 12 ವೋಲ್ಟ್ ಬ್ಯಾಟರಿಯ ತಂತಿ. ಹೋಗುವ, ಬರುವ ಎರಡೂ ಎಳೆಗಳನ್ನು ಜಡೆಯಂತೆ ಹೊಸೆದು ಎಳೆದರೆ ಅದೂ ಸುಮ್ಮನಾಗುತ್ತದೆ.